ಲೈವ್ ಮಿಕ್ಸಿಂಗ್ ಯೂನಿಟ್: ಇನ್‌ಪುಟ್ ಜೋಡಿಸುವುದು, ಟೈಮ್‌ಕೋಡ್ ಕೂರಿಸುವುದು

ದಾವಣಗೆರೆ ಕಡೆ ಈಗ ಲೈವ್ ಇಲ್ಲದ ಮದುವೆ ಕಡಿಮೆ. ಮಠದ ಕಾರ್ಯಕ್ರಮ, ಕಾಲೇಜಿನ ವಾರ್ಷಿಕೋತ್ಸವ, ಹೈಸ್ಕೂಲ್ ಮೈದಾನದ ಸಭೆ, ಜಾತ್ರೆಯ ನಾಟಕ, ಎಲ್ಲಿ ಹೋದರೂ ನಾಲ್ಕು ಕ್ಯಾಮೆರಾ, ಅವುಗಳ ಚಿತ್ರದಲ್ಲಿ ಬೇಕಾದ್ದನ್ನು ಆರಿಸಿ ಲೈವ್‌ಗೆ ಕಳಿಸುವ ಒಂದು ಮಿಕ್ಸಿಂಗ್ ಯೂನಿಟ್, ಒಂದು ಎಲ್‌ಇಡಿ ವಾಲ್ ಇದ್ದೇ ಇರುತ್ತವೆ. ಲೈವ್ ಹೋಗುವಾಗ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಗೊತ್ತಾಗುವುದು ಆಮೇಲೆ, ಎಡಿಟಿಂಗ್‌ಗೆ ಕೂತಾಗ. ಒಂದು ಕ್ಯಾಮೆರಾದ್ದು ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಇನ್ನೊಂದರದ್ದು 29.97. ಒಂದು ಫೈಲ್ ಸಂಜೆ ಏಳು ಗಂಟೆ ಅನ್ನುತ್ತದೆ, ಇನ್ನೊಂದು ಸೊನ್ನೆಯಿಂದ ಶುರುವಾಗಿದೆ. ತಾಳಿ ಕಟ್ಟಿದ ಗಳಿಗೆಯನ್ನು ನಾಲ್ಕು ಫೈಲಿನಲ್ಲಿ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ಇದೆಲ್ಲ ತಪ್ಪಬೇಕು ಅಂದರೆ ಕೆಲಸದ ವರಸೆ ಸರಿಯಿರಬೇಕು. ಮೊದಲು ಫ್ರೇಮ್ ರೇಟ್, ಆಮೇಲೆ ಇನ್‌ಪುಟ್, ಆಮೇಲೆ ಟೈಮ್‌ಕೋಡ್, ಅಂದರೆ ಪ್ರತಿ ಫ್ರೇಮ್‌ಗೆ ಅಂಟಿಸುವ ಸಮಯದ ನಂಬರ್. ನಮ್ಮಲ್ಲಿ ಬಹಳ ಜನ ಮೊದಲು ಕೇಬಲ್ ಚುಚ್ಚುತ್ತಾರೆ, ಚಿತ್ರ ಬಂದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಚಿತ್ರ ಬರುವುದು ದೊಡ್ಡ ವಿಷಯವಲ್ಲ. ಈಗಿನ ಯೂನಿಟ್‌ಗಳು ಏನು ಕೊಟ್ಟರೂ ಹೇಗೋ ಬದಲಿಸಿಕೊಂಡು ತೋರಿಸಿಬಿಡುತ್ತವೆ. ತಪ್ಪು ಮುಚ್ಚಿಹೋಗುವುದೂ ಅಲ್ಲೇ.

ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇರುವ ಬ್ಲ್ಯಾಕ್‌ಮ್ಯಾಜಿಕ್ ಎಟೆಮ್ ಮಿನಿ ಪ್ರೊ ಐಎಸ್ಒ ಯೂನಿಟ್ಟನ್ನು ಇಲ್ಲಿ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2020ರಲ್ಲಿ ಬಂದ ಯೂನಿಟ್ ಇದು. ನಾಲ್ಕೂ ಇನ್‌ಪುಟ್ ಮತ್ತು ಪ್ರೋಗ್ರಾಂ (ಮಿಕ್ಸ್ ಆಗಿ ಲೈವ್ ಹೋಗುವ ಚಿತ್ರ) ಸೇರಿ ಐದು ಫೈಲ್‌ಗಳನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡುತ್ತದೆ. ಟ್ರೈಕಾಸ್ಟರ್ ಯೂನಿಟ್ ಮತ್ತು ಒಬಿಎಸ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಬಳಸುವವರಿಗೆ ಬೇಕಾದ ಮಾತು ಕೊನೆಯ ಹೊತ್ತಿಗೆ ಬರುತ್ತದೆ.

ಹೆಜ್ಜೆ 1: ಇಡೀ ಕಾರ್ಯಕ್ರಮಕ್ಕೆ ಒಂದೇ ಫ್ರೇಮ್ ರೇಟ್

ನಮ್ಮ ಕರೆಂಟ್ 50 ಹರ್ಟ್ಜ್. ಅದರಿಂದ ಉರಿಯುವ ಬಹಳಷ್ಟು ದೀಪಗಳ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಆದ್ದರಿಂದ ನಮಗೆ ಹೊಂದುವುದು 25 ಅಥವಾ 50 ಫ್ರೇಮ್. ಶಟರ್ 1/50 ಇಡಿ, ಬೆಳಕು ಜಾಸ್ತಿ ಇದ್ದರೆ 1/100. ಮಂಟಪದ ಟ್ಯೂಬ್‌ಲೈಟ್ ಕೆಳಗೆ 30 ಫ್ರೇಮ್, 1/60 ಶಟರ್ ಇಟ್ಟರೆ ಚಿತ್ರದ ಮೇಲೆ ಅಡ್ಡಪಟ್ಟಿ ಓಡಾಡತೊಡಗುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತೆಗೆಯುವುದು ಬಲು ಕಷ್ಟ.

25 ಬೇಕೋ 50 ಬೇಕೋ? ಮದುವೆ, ಭಾಷಣ, ನಾಟಕ, ಸಂಗೀತಕ್ಕೆ 1080ಪಿ25 (ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್) ಧಾರಾಳ ಸಾಕು. ದುಗ್ಗಮ್ಮನ ಜಾತ್ರೆಯ ಕುಸ್ತಿ, ಕಬಡ್ಡಿ, ವಾಲಿಬಾಲ್ ಇದ್ದರೆ 1080ಪಿ50. ಆದರೆ 50 ಇಟ್ಟರೆ ಇಂಟರ್ನೆಟ್ ಹೊರೆ, ಡಿಸ್ಕ್ ಹೊರೆ ಎರಡೂ ಏರುತ್ತವೆ. ಹಳ್ಳಿ ಜಾತ್ರೆಯಲ್ಲಿ ಮೊಬೈಲ್ ಸಿಮ್ ನಂಬಿಕೊಂಡು ಲೈವ್ ಕೊಡುವವರು ಸುಮ್ನೆ 25ಕ್ಕೆ ಇಳಿಯುವುದೇ ವಾಸಿ.

ಈಗ ಯೂನಿಟ್ಟಿನ ಕೆಲಸ. ಲ್ಯಾಪ್‌ಟಾಪ್ ಜೋಡಿಸಿ, ಎಟೆಮ್ ಸಾಫ್ಟ್‌ವೇರ್ ಕಂಟ್ರೋಲ್ ತೆರೆದು, ಸೆಟ್ಟಿಂಗ್ಸ್‌ಗೆ ಹೋಗಿ ವಿಡಿಯೊ ಸ್ಟ್ಯಾಂಡರ್ಡ್ ಹುಡುಕಿ. ಅದು ಆಟೊ ಎಂದಿದ್ದರೆ ಮೊದಲು ಚುಚ್ಚಿದ ಕ್ಯಾಮೆರಾ ಏನು ಹೇಳುತ್ತದೋ ಅದೇ ಇಡೀ ಕಾರ್ಯಕ್ರಮದ ಫಾರ್ಮ್ಯಾಟ್ ಆಗಿಬಿಡುತ್ತದೆ. ಆಟೊ ಬಿಡಿ, ಕೈಯಲ್ಲೇ 1080ಪಿ25 ಆರಿಸಿ. ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಇನ್ನೊಂದು ಕಾರಣವಿದೆ. ಎಟೆಮ್‌ನಲ್ಲಿ ಫಾರ್ಮ್ಯಾಟ್ ಬದಲಿಸಿದರೆ ಮೀಡಿಯಾ ಪೂಲ್‌ಗೆ ಹಾಕಿಟ್ಟ ಫೋಟೊಗಳು ಅಳಿಸಿಹೋಗುತ್ತವೆ. ವಧೂವರರ ಹೆಸರಿನ ಕಾರ್ಡ್, ಗಣಪತಿ ಫೋಟೊ ಎಲ್ಲ ಹಾಕಿ ಆದ ಮೇಲೆ ಫಾರ್ಮ್ಯಾಟ್ ಮುಟ್ಟಿದರೆ ಮತ್ತೆ ಮೊದಲಿಂದ ಮಾಡಬೇಕು.

ಹೆಜ್ಜೆ 2: ಪ್ರತಿ ಕ್ಯಾಮೆರಾದ ಮೆನು ನೋಡಿ

ಇದು ತಂತ್ರಕ್ಕಿಂತ ಹೆಚ್ಚಾಗಿ ಮಾತಿನ ಕೆಲಸ. ಬಾಡಿಗೆಗೆ ಬಂದ ಕ್ಯಾಮೆರಾಮನ್‌ಗೆ ತನ್ನ ಕ್ಯಾಮೆರಾ ಬೇರೆಯವರು ಮುಟ್ಟಿದರೆ ಆಗುವುದಿಲ್ಲ. "ಅಣ್ಣಾ, ಒಂದ್ನಿಮಿಷ ಮೆನು ತೋರ್ಸು" ಎಂದು ಕೇಳಿ, ಅವರ ಕೈಯಲ್ಲೇ ಬದಲಾಯಿಸಿ.

ಮೊದಲು ನೋಡಬೇಕಾದ್ದು ಪಾಲ್ (25, 50 ಫ್ರೇಮ್‌ನ ಪದ್ಧತಿ), ಎನ್‌ಟಿಎಸ್‌ಸಿ (30, 60 ಫ್ರೇಮ್‌ನ ಪದ್ಧತಿ) ಆಯ್ಕೆ. ಎನ್‌ಟಿಎಸ್‌ಸಿಯಲ್ಲಿ ಬಿಟ್ಟ ಕ್ಯಾಮೆರಾದಲ್ಲಿ 25 ಸಿಗುವುದೇ ಇಲ್ಲ, ಬರೀ 24, 30, 60ರ ಗುಂಪು ಕಾಣುತ್ತದೆ. ನಮ್ಮಲ್ಲಿ ಮಾರುವ ಸೋನಿ ಕ್ಯಾಮೆರಾ ಆನ್ ಮಾಡಿದ ಕೂಡಲೇ "ರನ್ನಿಂಗ್ ಆನ್ ಎನ್‌ಟಿಎಸ್‌ಸಿ" ಎಂದು ಬಂದರೆ ಯಾರೋ ಬದಲಿಸಿಟ್ಟಿದ್ದಾರೆ ಎಂದರ್ಥ. ಕೆಲವು ಮಾಡೆಲ್‌ಗಳಲ್ಲಿ ಪಾಲ್‌ಗೆ ತಂದರೆ ಕಾರ್ಡ್ ಫಾರ್ಮ್ಯಾಟ್ ಮಾಡು ಎನ್ನುತ್ತದೆ. ಅದರಲ್ಲಿ ನಿನ್ನೆಯ ಮದುವೆ ಇರಬಹುದು, ಕೇಳಿಕೊಂಡು ಮಾಡಿ.

ಎರಡನೆಯದು ಎಚ್‌ಡಿಎಂಐ ಮಾಹಿತಿ ಪ್ರದರ್ಶನ. ಅದು ಆಫ್ ಆಗಿರಬೇಕು. ಇಲ್ಲದಿದ್ದರೆ ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲ ಲೈವ್‌ನಲ್ಲಿ ಹೋಗುತ್ತವೆ. ಮೂರನೆಯದು ಆಟೊ ಪವರ್ ಆಫ್. ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಬಹಳಷ್ಟು 30 ನಿಮಿಷಕ್ಕೆ ಲೈವ್ ವ್ಯೂ ತಾನಾಗಿ ನಿಲ್ಲಿಸುತ್ತವೆ. ಅಂಥ ಕ್ಯಾಮೆರಾವನ್ನು ಮುಖ್ಯ ಜಾಗಕ್ಕೆ ಇಡಬೇಡಿ. ವೈಟ್ ಬ್ಯಾಲೆನ್ಸ್ ಎಲ್ಲದರಲ್ಲೂ ಒಂದೇ ಕೆಲ್ವಿನ್ ಅಂಕಿ ಇರಲಿ. ಆಟೊದಲ್ಲಿ ಬಿಟ್ಟರೆ ಒಂದೇ ಸೀರೆ ನಾಲ್ಕು ಬಣ್ಣದಲ್ಲಿ ಕಾಣುತ್ತದೆ.

ಹೆಜ್ಜೆ 3: ಕೇಬಲ್ ಎಳೆದು, ಇನ್‌ಪುಟ್‌ಗೆ ಹೆಸರಿಡುವುದು

ಸಾಮಾನ್ಯ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ನೆಚ್ಚಿಕೊಳ್ಳಬೇಡಿ. ದೊಡ್ಡ ಕಲ್ಯಾಣ ಮಂಟಪಗಳಲ್ಲಿ ವೇದಿಕೆಯಿಂದ ಹಿಂದಿನ ಗೋಡೆಗೆ 30 ಮೀಟರ್ ಸಲೀಸಾಗಿ ಬರುತ್ತದೆ. ಅಲ್ಲಿಗೆ ಎರಡು ದಾರಿ. ಒಂದು, ಎರಡೂ ತುದಿಗೆ ಕನ್ವರ್ಟರ್ ಹಾಕಿ ನಡುವೆ ಎಸ್‌ಡಿಐ, ಅಂದರೆ ದೂರಕ್ಕೆ ವಿಡಿಯೊ ಒಯ್ಯುವ ಕೇಬಲ್, ಎಳೆಯುವುದು. 1080ಪಿ25ಕ್ಕೆ ಎಚ್‌ಡಿ ಎಸ್‌ಡಿಐ ಸಾಕು, 1080ಪಿ50ಕ್ಕೆ 3ಜಿ ಎಸ್‌ಡಿಐ ಬೇಕು. ಕೇಬಲ್, ಅದರ ತುದಿಯ ಬಿಎನ್‌ಸಿ ಕನೆಕ್ಟರ್ ಎರಡೂ 75 ಓಮ್‌ನದ್ದೇ ಆಗಿರಲಿ. ಇನ್ನೊಂದು ದಾರಿ ಫೈಬರ್ ಎಚ್‌ಡಿಎಂಐ. ಅದಕ್ಕೆ ದಿಕ್ಕು ಇದೆ. ಒಂದು ತುದಿ ಕ್ಯಾಮೆರಾಗೆ, ಒಂದು ತುದಿ ಯೂನಿಟ್‌ಗೆ. ತಿರುಗಿಸಿ ಎಳೆದು ಕಾರ್ಪೆಟ್ ಕೆಳಗೆ ಹಾಕಿ ಟೇಪ್ ಅಂಟಿಸಿದ ಮೇಲೆ ಗೊತ್ತಾದರೆ ಮೂಡ್ ಕೆಡುತ್ತದೆ.

ವೈರ್‌ಲೆಸ್ ಟ್ರಾನ್ಸ್‌ಮಿಟರ್ ಕ್ರೇನ್‌ಗೆ, ಓಡಾಡುವ ಕ್ಯಾಮೆರಾಗೆ ಅನುಕೂಲ. ಆದರೆ ಅದು ಚಿತ್ರವನ್ನು ಸ್ವಲ್ಪ ತಡ ಮಾಡುತ್ತದೆ. ಆ ತಡದ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಯಾವ ಕ್ಯಾಮೆರಾ ಯಾವ ನಂಬರಿಗೆ ಎನ್ನುವುದು ಪ್ರತಿ ಕಾರ್ಯಕ್ರಮಕ್ಕೂ ಒಂದೇ ಆಗಿರಲಿ. ನಾನಾದರೆ ಎದುರಿನ ವೈಡ್ 1, ವೇದಿಕೆ ಎಡ 2, ವೇದಿಕೆ ಬಲ 3, ಕ್ರೇನ್ ಅಥವಾ ಲ್ಯಾಪ್‌ಟಾಪ್ 4 ಎಂದು ಇಡುತ್ತೇನೆ. ಕೈ ತಾನಾಗಿ ಆ ಬಟನ್‌ಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನ ಲೇಬಲ್ ಭಾಗದಲ್ಲಿ ಹೆಸರು ಹಾಕಿ. ಎಟೆಮ್‌ನಲ್ಲಿ ಉದ್ದ ಹೆಸರಿಗೆ 20 ಅಕ್ಷರ, ಚಿಕ್ಕ ಹೆಸರಿಗೆ 4 ಅಕ್ಷರ ಜಾಗವಿದೆ. ಕ್ಯಾಮೆರಾಮನ್ ಹೆಸರು ಹಾಕಬೇಡಿ, ಜಾಗದ ಹೆಸರು ಹಾಕಿ. ಊಟದ ಹೊತ್ತಿಗೆ ಆಳು ಬದಲಾಗುತ್ತಾನೆ, ಜಾಗ ಬದಲಾಗುವುದಿಲ್ಲ. ಕ್ಯಾಮೆರಾ ಮೈಮೇಲೂ ಅದೇ ನಂಬರಿನ ಟೇಪ್ ಅಂಟಿಸಿ. ಕಾರ್ಡಿನ ಮೇಲೂ.

ಲ್ಯಾಪ್‌ಟಾಪ್ ಇನ್‌ಪುಟ್‌ಗೆ ಡಿಸ್‌ಪ್ಲೇ 1920×1080, ಸಿಕ್ಕರೆ 50 ಹರ್ಟ್ಜ್ ಆರಿಸಿ. ಸೆಟ್‌ಟಾಪ್ ಬಾಕ್ಸ್ ತಂದು ಕ್ರಿಕೆಟ್ ತೋರಿಸಿ ಎಂದು ಯಾರಾದರೂ ಕೇಳಿದರೆ ಮೊದಲೇ ಹೇಳಿಬಿಡಿ. ಅದರಲ್ಲಿ ಎಚ್‌ಡಿಸಿಪಿ ಎಂಬ ಕಾಪಿ ತಡೆಯುವ ಬೀಗ ಇರುತ್ತದೆ, ಯೂನಿಟ್ ಅದನ್ನು ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 4: ಆಡಿಯೊ

ಸೌಂಡ್‌ನವರ ಮಿಕ್ಸರ್‌ನಿಂದ ಒಂದು ಔಟ್ ತೆಗೆದುಕೊಂಡು ಯೂನಿಟ್‌ನ 3.5 ಎಂಎಂ ಇನ್‌ಪುಟ್‌ಗೆ ಕೊಡಿ. ಸಾಫ್ಟ್‌ವೇರ್‌ನಲ್ಲಿ ಮೈಕ್ ಬದಲು ಲೈನ್ ಆರಿಸಿ. ಮೈಕ್ ಎಂದೇ ಬಿಟ್ಟರೆ ದನಿ ಒಡೆಯುತ್ತದೆ. ಗುಂಯ್ ಎನ್ನುವ ಶಬ್ದ ಬಂದರೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಕ್ಯಾಮೆರಾಗಳ ಮೈಕ್‌ಗಳನ್ನು ಲೈವ್‌ಗೆ ಮುಚ್ಚಿ, ಕ್ಯಾಮೆರಾ ಕಾರ್ಡ್‌ಗೆ ಮಾತ್ರ ಇರಲಿ.

ಇಲ್ಲಿ ಒಂದು ಲೆಕ್ಕ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿ ಸೆಕೆಂಡ್. ಮಿಕ್ಸರ್‌ನಿಂದ ದನಿ ನೇರ ಬರುತ್ತದೆ. ಚಿತ್ರ ಮಾತ್ರ ಕ್ಯಾಮೆರಾ, ಕನ್ವರ್ಟರ್, ಯೂನಿಟ್ ಎಲ್ಲ ದಾಟಿ ಎರಡು ಮೂರು ಫ್ರೇಮ್ ತಡವಾಗಿ ಬರುತ್ತದೆ. ಹಾಗಾಗಿ ದನಿ ಮುಂದೆ, ತುಟಿ ಹಿಂದೆ. ಆಡಿಯೊ ಇನ್‌ಪುಟ್‌ನ ಡಿಲೇಯಲ್ಲಿ ಅಷ್ಟು ಫ್ರೇಮ್ ಹಾಕಿ ಸರಿಮಾಡಿ. ಎಷ್ಟು ಎನ್ನುವುದನ್ನು ಊಹಿಸಬೇಡಿ, ಏಳನೇ ಹೆಜ್ಜೆಯ ಚಪ್ಪಾಳೆ ಪರೀಕ್ಷೆಯಲ್ಲಿ ಅಳೆಯಬಹುದು.

ಹೆಜ್ಜೆ 5: ಟೈಮ್‌ಕೋಡ್ ಯಾವ ಗಡಿಯಾರದಿಂದ?

ಟೈಮ್‌ಕೋಡ್ ಎಂದರೆ ಪ್ರತಿ ಫ್ರೇಮ್‌ಗೂ ಒಂದು ವಿಳಾಸ. ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಂಬ ನಾಲ್ಕು ಜೋಡಿ ಅಂಕಿ. 19:05:10:08 ಎಂದರೆ ಸಂಜೆ ಏಳು ಗಂಟೆ ಐದು ನಿಮಿಷ ಹತ್ತನೇ ಸೆಕೆಂಡಿನ ಎಂಟನೇ ನಂಬರಿನ ಫ್ರೇಮ್. 25ರ ಲೆಕ್ಕದಲ್ಲಿ ಕೊನೆಯ ಜೋಡಿ 00ಯಿಂದ 24ರವರೆಗೆ ಓಡುತ್ತದೆ.

ಇದನ್ನು ಜೆನ್‌ಲಾಕ್ ಜೊತೆ ಕಲಸಿಕೊಳ್ಳುವವರು ಬಹಳ. ಆಗಸ್ಟ್ 15ರ ಪರೇಡ್ ನೆನೆಸಿಕೊಳ್ಳಿ. ಎಲ್ಲರ ಎಡಗಾಲು ಒಟ್ಟಿಗೆ ಬೀಳುವಂತೆ ಮಾಡುವುದು ಜೆನ್‌ಲಾಕ್. ಪ್ರತಿಯೊಬ್ಬನ ಎದೆ ಮೇಲಿನ ನಂಬರ್ ಟೈಮ್‌ಕೋಡ್. ಒಂದು ಇದ್ದರೆ ಇನ್ನೊಂದು ಇದೆ ಎಂದಲ್ಲ. ಎಟೆಮ್ ಮಿನಿ ಪ್ರತಿ ಇನ್‌ಪುಟ್ಟನ್ನೂ ತಾನೇ ಸಾಲಿಗೆ ತಂದುಕೊಳ್ಳುವುದರಿಂದ ನಮಗೆ ಜೆನ್‌ಲಾಕ್ ಚಿಂತೆ ಇಲ್ಲ. ಟೈಮ್‌ಕೋಡ್ ಚಿಂತೆ ಇದೆ.

29.97ರಲ್ಲಿ ಮಾತ್ರ ಡ್ರಾಪ್ ಫ್ರೇಮ್ ಎಂಬ ತಲೆನೋವು ಬರುತ್ತದೆ. ಸೆಕೆಂಡಿಗೆ 30 ಎಂದು ಎಣಿಸಿದರೂ ನಿಜವಾಗಿ ಓಡುವುದು 29.97. ಗಂಟೆಗೆ 108 ಫ್ರೇಮ್, ಅಂದರೆ 3.6 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ಅದನ್ನು ಸರಿದೂಗಿಸಲು ಪ್ರತಿ ನಿಮಿಷ ಎರಡು ನಂಬರ್ ಹಾರಿಸುತ್ತಾರೆ, ಪ್ರತಿ ಹತ್ತನೇ ನಿಮಿಷ ಹಾರಿಸುವುದಿಲ್ಲ. ಚಿತ್ರ ಹಾರುವುದಿಲ್ಲ, ನಂಬರ್ ಮಾತ್ರ. 25ರಲ್ಲಿ ಈ ಗೋಜೇ ಇಲ್ಲ. ಮೆನುವಿನಲ್ಲಿ ಡಿಎಫ್ (ಡ್ರಾಪ್ ಫ್ರೇಮ್) ಆಯ್ಕೆ ಕೆಲಸ ಮಾಡುತ್ತಿದೆ ಎಂದರೆ ಆ ಕ್ಯಾಮೆರಾ ಇನ್ನೂ ಎನ್‌ಟಿಎಸ್‌ಸಿಯಲ್ಲಿದೆ ಎಂದೇ ತಿಳಿಯಿರಿ.

ಎಟೆಮ್‌ನಲ್ಲಿ ಟೈಮ್‌ಕೋಡ್‌ಗೆ ಎರಡು ಆಯ್ಕೆ: ಟೈಮ್ ಆಫ್ ಡೇ, ಫ್ರೀ ರನ್. ಮೊದಲನೆಯದು ದಿನದ ಗಂಟೆ. ಈ ಗಂಟೆ ಲ್ಯಾಪ್‌ಟಾಪ್‌ನಿಂದ ಬರುತ್ತದೆ. ಸಾಫ್ಟ್‌ವೇರ್ ಕಂಟ್ರೋಲ್ ತೆರೆದ ಕಂಪ್ಯೂಟರ್‌ನ ಸಮಯವನ್ನೇ ಯೂನಿಟ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಮೊದಲು ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಕೊಟ್ಟು, ಸಮಯ ವಲಯ ಭಾರತದ್ದೇ ಎಂದು ನೋಡಿ, ಗಡಿಯಾರ ಸಿಂಕ್ ಮಾಡಿ. ಆಮೇಲೆ ಯೂನಿಟ್ಟನ್ನು ಬಿಚ್ಚಿ ಮತ್ತೆ ಜೋಡಿಸಿ.

ಹಗಲಿನ ಮದುವೆಗೆ, ಸಂಜೆಯ ಸಭೆಗೆ ಟೈಮ್ ಆಫ್ ಡೇ ಬಹಳ ಚೆನ್ನಾಗಿ ಒಪ್ಪುತ್ತದೆ. "ಒಂಬತ್ತೂವರೆಗೆ ಧಾರೆ ಆಯ್ತು" ಎಂದು ಮನೆಯವರು ಹೇಳಿದರೆ ಎಡಿಟರ್ ನೇರ 09:30ಕ್ಕೆ ಹೋಗುತ್ತಾನೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಜಾತ್ರೆ ನಾಟಕ, ಬಯಲಾಟ ಎಂದರೆ ಬೆಳಕು ಹರಿಯುವವರೆಗೆ. ರಾತ್ರಿ 12ಕ್ಕೆ ಟೈಮ್‌ಕೋಡ್ 23:59:59:24 ಮುಟ್ಟಿ ಮತ್ತೆ ಸೊನ್ನೆಗೆ ಬೀಳುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಆಗ ನಾಟಕದ ಕೊನೆ ಮೊದಲು, ಮೊದಲು ಕೊನೆ. ಇಂಥ ಕಡೆ ಫ್ರೀ ರನ್ ಇಟ್ಟು, ರಾತ್ರಿ 8ಕ್ಕೆ 10:00:00:00 ಎಂದು ಶುರು ಮಾಡಿ. ಬೆಳಗಿನ 6ಕ್ಕೆ 20:00:00:00 ಆಗಿರುತ್ತದೆ, ಎಲ್ಲೂ ಮುರಿಯುವುದಿಲ್ಲ.

ಹೆಜ್ಜೆ 6: ಕ್ಯಾಮೆರಾಗಳ ಟೈಮ್‌ಕೋಡ್

ಯೂನಿಟ್ ಒಳಗೆ ರೆಕಾರ್ಡ್ ಆಗುವ ಐದೂ ಫೈಲ್‌ಗೆ ಒಂದೇ ಟೈಮ್‌ಕೋಡ್ ತಾನಾಗಿ ಬರುತ್ತದೆ. ಜೊತೆಗೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲ್ ಕೂಡ ಬರುತ್ತದೆ. ಕ್ಯಾಮೆರಾ ಕಾರ್ಡ್‌ನಲ್ಲಿ ಏನೂ ರೆಕಾರ್ಡ್ ಮಾಡದವರು ಈ ಹೆಜ್ಜೆ ಬಿಟ್ಟು ಮುಂದೆ ಹೋಗಬಹುದು. ಆದರೆ 4ಕೆ ಬೇಕೆಂದು ಕಾರ್ಡ್‌ನಲ್ಲೂ ರೆಕಾರ್ಡ್ ಮಾಡುವವರೇ ಈಗ ಜಾಸ್ತಿ ಅಲ್ವಾ?

ಕ್ಯಾಮೆರಾದಲ್ಲಿ ರೆಕ್ ರನ್, ಫ್ರೀ ರನ್ ಎಂಬ ಎರಡು ಬಗೆ ಇವೆ. ರೆಕ್ ರನ್ ಎಂದರೆ ರೆಕಾರ್ಡ್ ಒತ್ತಿದಾಗ ಮಾತ್ರ ಎಣಿಕೆ ಓಡುತ್ತದೆ. ಒಬ್ಬ ಎರಡು ನಿಮಿಷ ನಿಲ್ಲಿಸಿದರೆ ಅವನ ಎಣಿಕೆ ಉಳಿದವರಿಗಿಂತ ಎರಡು ನಿಮಿಷ ಹಿಂದೆ. ಒಂಟಿ ಕ್ಯಾಮೆರಾಗೆ ಸರಿ, ನಮಗೆ ಬೇಡ. ಎಲ್ಲದರಲ್ಲೂ ಫ್ರೀ ರನ್ ಇರಲಿ.

ಕೈಯಲ್ಲಿ ಸಮಯ ಹೊಂದಿಸಿದರೆ ಒಂದು ಸೆಕೆಂಡಿನಷ್ಟು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಹುಡುಕುವುದಕ್ಕೆ ಸಾಕು, ಜೋಡಿಸುವುದಕ್ಕೆ ಸಾಲದು. ಮೇಲಾಗಿ ಗಡಿಯಾರಗಳು ಜಾರುತ್ತವೆ. ಸಾಮಾನ್ಯ ಕ್ವಾರ್ಟ್ಜ್ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿತು ಅಂದುಕೊಳ್ಳಿ. ಗಂಟೆಗೆ 72 ಮಿಲಿ ಸೆಕೆಂಡ್, ಸುಮಾರು ಎರಡು ಫ್ರೇಮ್. ಆರು ಗಂಟೆಯ ನಾಟಕ ಮುಗಿಯುವ ಹೊತ್ತಿಗೆ ಹತ್ತು ಹನ್ನೊಂದು ಫ್ರೇಮ್. ಆರಂಭದಲ್ಲಿ ಕೂತಿದ್ದ ತುಟಿ ಕೊನೆಯಲ್ಲಿ ಜಾರಿರುತ್ತದೆ.

ಇದಕ್ಕೇ ಟೆಂಟಕಲ್ ಸಿಂಕ್, ಡೀಟಿ ಟಿಸಿ-1 ಥರದ ಚಿಕ್ಕ ಟೈಮ್‌ಕೋಡ್ ಡಬ್ಬಿಗಳು ಇರುವುದು. ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ, ಕ್ಯಾಮೆರಾಕ್ಕೊಂದು ಸಿಕ್ಕಿಸಿ. ಟೈಮ್‌ಕೋಡ್ ಇನ್ ಇರುವ ಕ್ಯಾಮೆರಾಗೆ ನೇರ ಕೊಡಬಹುದು. ಸೋನಿ ಎಫ್‌ಎಕ್ಸ್3, ಎಫ್‌ಎಕ್ಸ್30ಕ್ಕೆ ಅದರದ್ದೇ ಅಡಾಪ್ಟರ್ ಕೇಬಲ್ ಬೇಕು. ಇನ್ ಇಲ್ಲದ ಕ್ಯಾಮೆರಾದಲ್ಲಿ ಟೈಮ್‌ಕೋಡನ್ನು ಶಬ್ದವಾಗಿ ಮೈಕ್ ಜಾಕ್‌ಗೆ ಕೊಟ್ಟು ಒಂದು ಚಾನೆಲ್‌ನಲ್ಲಿ ರೆಕಾರ್ಡ್ ಮಾಡಬೇಕು. ಇದನ್ನೇ ಎಲ್‌ಟಿಸಿ ಎನ್ನುವುದು. ಕೇಳಿದರೆ ಕರ್ಕಶ ಕಿರ್ರ್ ಶಬ್ದ. ಆಟೊ ಗೇನ್ ತೆಗೆದು, ಮಟ್ಟವನ್ನು ಕೆಂಪಿಗೆ ಹೋಗದಂತೆ ಕೈಯಲ್ಲಿ ಇಡಿ. ಡಬ್ಬಿಯಲ್ಲೂ ಮೈಕ್ ಮಟ್ಟ ಆರಿಸಿ. ಆಮೇಲೆ ರಿಸಾಲ್ವ್‌ನ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್‌ಗಳನ್ನು ಆರಿಸಿ, ಬಲ ಕ್ಲಿಕ್ ಮಾಡಿ, ಆಡಿಯೊ ಟ್ರ್ಯಾಕ್‌ನಿಂದ ಟೈಮ್‌ಕೋಡ್ ಅಪ್‌ಡೇಟ್ ಮಾಡುವ ಆಯ್ಕೆ ಒತ್ತಿದರೆ ಅದು ಓದಿಕೊಳ್ಳುತ್ತದೆ. ಆ ಕ್ಯಾಮೆರಾದ ಎಚ್‌ಡಿಎಂಐನಲ್ಲೂ ಇದೇ ಕಿರ್ರ್ ಬರುವುದರಿಂದ ಯೂನಿಟ್‌ನಲ್ಲಿ ಅದರ ಆಡಿಯೊ ಮುಚ್ಚಿದೆಯೇ ಎಂದು ಇನ್ನೊಮ್ಮೆ ನೋಡಿ. ಮಾಂಗಲ್ಯಧಾರಣೆ ಹೊತ್ತಿಗೆ ಲೈವ್‌ನಲ್ಲಿ ಅದು ಹೋದರೆ ಫೋನ್ ಮೇಲೆ ಫೋನ್ ಬರುತ್ತದೆ.

ಡಬ್ಬಿ ಕೊಳ್ಳಲು ದುಡ್ಡಿಲ್ಲ ಎಂದರೆ ದನಿ ನೋಡಿ ಸಿಂಕ್ ಮಾಡಬಹುದು, ಆಗುತ್ತದೆ. ಆದರೆ ಮೈದಾನದಲ್ಲಿ ಎಚ್ಚರ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರ್‌ನಿಂದ 34 ಮೀಟರ್ ದೂರದ ಕ್ಯಾಮೆರಾ ಮೈಕ್‌ಗೆ ಅದು ಮುಟ್ಟುವುದು 100 ಮಿಲಿ ಸೆಕೆಂಡ್ ತಡವಾಗಿ, ಅಂದರೆ ಎರಡೂವರೆ ಫ್ರೇಮ್. ಸಾಫ್ಟ್‌ವೇರ್ ದನಿಯನ್ನು ಸರಿಯಾಗಿ ಕೂರಿಸುತ್ತದೆ, ಚಿತ್ರ ಮುಂದಾಗುತ್ತದೆ. ಆ ದೂರದ ಕ್ಯಾಮೆರಾದ ಕ್ಲಿಪ್ಪನ್ನು ಎರಡು ಮೂರು ಫ್ರೇಮ್ ತಡವಾಗಿ ಬರುವಂತೆ ಕೈಯಲ್ಲಿ ಸರಿಸಬೇಕು.

ಹೆಜ್ಜೆ 7: ಚಪ್ಪಾಳೆ ಪರೀಕ್ಷೆ

ಇದನ್ನು ಬಿಡಬೇಡಿ. ಯೂನಿಟ್ ಮತ್ತು ಎಲ್ಲ ಕ್ಯಾಮೆರಾ ರೆಕಾರ್ಡ್‌ಗೆ ಹಾಕಿ, ವೇದಿಕೆ ನಡುವೆ ಒಬ್ಬ ಹುಡುಗನನ್ನು ನಿಲ್ಲಿಸಿ, ಮೈಕ್ ಮುಂದೆ ಜೋರಾಗಿ ಒಂದು ಚಪ್ಪಾಳೆ ಹೊಡೆಸಿ. ಎಲ್ಲ ಕ್ಯಾಮೆರಾಗೂ ಅವನ ಕೈ ಕಾಣಬೇಕು. ನಿಲ್ಲಿಸಿ, ಲ್ಯಾಪ್‌ಟಾಪ್‌ಗೆ ಹಾಕಿಕೊಂಡು, ಕೈ ಕೂಡಿದ ಫ್ರೇಮ್‌ನ ನಂಬರ್ ಪ್ರತಿ ಫೈಲ್‌ನಲ್ಲೂ ಬರೆದುಕೊಳ್ಳಿ.

ಉದಾಹರಣೆಗೆ 2ನೇ ಕ್ಯಾಮೆರಾದ ಕಾರ್ಡ್‌ನಲ್ಲಿ ಕೈ ಕೂಡಿದ್ದು 19:05:10:08ಕ್ಕೆ. ಯೂನಿಟ್‌ನ ಫೈಲ್‌ನಲ್ಲಿ ಅದೇ ಚಪ್ಪಾಳೆ 19:05:10:11ಕ್ಕೆ. ಇದು ತಪ್ಪಲ್ಲ. ಚಿತ್ರ ಯೂನಿಟ್‌ಗೆ ಬಂದು ಮುಟ್ಟಲು ಮೂರು ಫ್ರೇಮ್ ಹಿಡಿಯಿತು, ಯೂನಿಟ್ ತನಗೆ ಸಿಕ್ಕ ಹೊತ್ತಿನ ನಂಬರ್ ಅಂಟಿಸಿತು. ವೈರ್‌ಲೆಸ್‌ನಲ್ಲಿ ಬರುವ 4ನೇ ಕ್ಯಾಮೆರಾಗೆ ಇದು ಐದೋ ಆರೋ ಇರಬಹುದು. ಕೇಬಲ್, ಕನ್ವರ್ಟರ್, ಫಾರ್ಮ್ಯಾಟ್ ಬದಲಿಸದಿದ್ದರೆ ಈ ಅಂತರ ಹೆಚ್ಚು ಕದಲುವುದಿಲ್ಲ. ಕ್ಯಾಮೆರಾವಾರು ಬರೆದಿಟ್ಟರೆ 4ಕೆ ಕ್ಲಿಪ್ ಕೂರಿಸುವಾಗ ಎಡಿಟರ್ ಅಷ್ಟು ಫ್ರೇಮ್ ಸರಿಸಿ ಮುಗಿಸುತ್ತಾನೆ. ಟೈಮ್‌ಕೋಡ್ ಡಬ್ಬಿ ಕೊಂಡ ಮೇಲೂ "ಸಿಂಕ್ ಸರಿ ಇಲ್ಲ" ಎಂದು ಬೈದುಕೊಳ್ಳುವವರು ಸಾಮಾನ್ಯವಾಗಿ ಇದನ್ನೇ ಅಳೆದಿರುವುದಿಲ್ಲ.

ಪ್ರೋಗ್ರಾಂ ಫೈಲ್‌ನಲ್ಲಿ ಚಪ್ಪಾಳೆಯ ದನಿ ಕೈ ಕೂಡುವುದಕ್ಕಿಂತ ಎಷ್ಟು ಫ್ರೇಮ್ ಮುಂದಿದೆಯೋ ಅಷ್ಟನ್ನು ನಾಲ್ಕನೇ ಹೆಜ್ಜೆಯ ಡಿಲೇಗೆ ಹಾಕಿ. ಇನ್‌ಪುಟ್‌ಗಳ ತಡ ಬೇರೆಬೇರೆ ಇದ್ದರೆ ಭಾಷಣಕಾರರ ಮುಖ ಹಿಡಿಯುವ ಕ್ಯಾಮೆರಾಗೆ ಹೊಂದಿಸಿ, ಉಳಿದವು ಇರಲಿ ಬಿಡಿ.

ಟ್ರೈಕಾಸ್ಟರ್, ಒಬಿಎಸ್ ಇದ್ದರೆ

ಟ್ರೈಕಾಸ್ಟರ್‌ನಲ್ಲಿ ಹೊಸ ಸೆಷನ್ ತೆರೆಯುವಾಗಲೇ ಪಾಲ್ ಮತ್ತು ಫಾರ್ಮ್ಯಾಟ್ ಆರಿಸಬೇಕು. ಆಮೇಲೆ ಬದಲಿಸಬೇಕೆಂದರೆ ಹೊಸ ಸೆಷನ್ನೇ ಗತಿ. ಇನ್‌ಪುಟ್ ಮಾನಿಟರ್‌ನ ಗೇರ್ ಗುರುತು ಒತ್ತಿದರೆ ಆ ಇನ್‌ಪುಟ್ ಎಸ್‌ಡಿಐಯೋ ಎನ್‌ಡಿಐಯೋ (ನೆಟ್‌ವರ್ಕ್‌ನಲ್ಲಿ ಬರುವ ವಿಡಿಯೊ) ಎಂದು ಹೇಳುವ ಕಿಟಕಿ ತೆರೆಯುತ್ತದೆ. ಎನ್‌ಡಿಐಗೆ ಗಿಗಾಬಿಟ್ ಸ್ವಿಚ್ ಬೇಕೇ ಬೇಕು, ಪೂರ್ತಿ ಗುಣಮಟ್ಟದ ಒಂದು ಎಚ್‌ಡಿ ಚಿತ್ರವೇ ನೂರು ಮೆಗಾಬಿಟ್ ಆಸುಪಾಸು ತಿನ್ನುತ್ತದೆ. ಎಲ್‌ಟಿಸಿ ಸೌಲಭ್ಯವಿರುವ ಮಾಡೆಲ್‌ನಲ್ಲಿ ಟೈಮ್‌ಕೋಡ್ ವಿಭಾಗಕ್ಕೆ ಹೋಗಿ, ಟೈಮ್‌ಕೋಡ್ ಶಬ್ದ ಬರುವ ಆಡಿಯೊ ಇನ್‌ಪುಟ್ ಆರಿಸಿ, ಪಕ್ಕದ ಚೌಕಕ್ಕೆ ಟಿಕ್ ಹಾಕಿ. ಆ ಇನ್‌ಪುಟ್ಟನ್ನು ಮಿಕ್ಸರ್‌ನಲ್ಲಿ ಮ್ಯೂಟ್ ಮಾಡಿ.

ಒಬಿಎಸ್‌ನಲ್ಲಿ ಸುಮ್ಮನೆ ಬಿಟ್ಟರೆ 30 ಫ್ರೇಮ್ ಇರುತ್ತದೆ. ಸೆಟ್ಟಿಂಗ್ಸ್, ವಿಡಿಯೊ ಭಾಗದಲ್ಲಿ "25 ಪಾಲ್" ಆರಿಸಿ. ಅದರ ರೆಕಾರ್ಡಿಂಗ್‌ಗೆ ದಿನದ ಗಂಟೆಯ ಟೈಮ್‌ಕೋಡ್ ಸಿಗುವುದಿಲ್ಲ. ಹಾಗಾಗಿ ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಚಪ್ಪಾಳೆ ಎಲ್ಲ ಕ್ಯಾಮೆರಾಗೂ ಹೊಡೆಸಿ. ಎರಡರ ನಡುವೆ ಎಷ್ಟು ಜಾರಿದೆ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಹೆಜ್ಜೆ 8: ಡಿಸ್ಕ್, ಕರೆಂಟ್, ಆಮೇಲಿನ ಕೆಲಸ

ಯುಎಸ್‌ಬಿ ಎಸ್‌ಎಸ್‌ಡಿಯನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯುತ್ತದೆ. ಪೆನ್‌ಡ್ರೈವ್ ಸಾಲುವುದಿಲ್ಲ, ಐದು ಫೈಲ್ ಒಟ್ಟಿಗೆ ಬರೆಯುವ ವೇಗ ಅದಕ್ಕಿಲ್ಲ. ಜಾಗದ ಲೆಕ್ಕ ಸುಲಭ. 25 ಮೆಗಾಬಿಟ್‌ನ ಒಂದು ಫೈಲ್ ಗಂಟೆಗೆ ಸುಮಾರು 11 ಜಿಬಿ, ಐದಕ್ಕೆ 56 ಜಿಬಿ. ನಿಮ್ಮ ಯೂನಿಟ್‌ನ ಬಿಟ್‌ರೇಟ್ ನೋಡಿ ಇದೇ ರೀತಿ ಗುಣಿಸಿ.

ಎಲ್ಲ ಹೊಂದಿಸಿದ ಮೇಲೆ ಫೈಲ್ ಮೆನುವಿನಲ್ಲಿ ಸ್ಟಾರ್ಟಪ್ ಸ್ಟೇಟ್ ಸೇವ್ ಮಾಡಿ. ಜನರೇಟರ್ ಬದಲಿಸುವಾಗ ಯೂನಿಟ್ ಆಫ್ ಆಗಿ ಆನ್ ಆದರೂ ಲೇಬಲ್, ಆಡಿಯೊ, ಡಿಲೇ ಎಲ್ಲ ಹಾಗೇ ಬರುತ್ತವೆ. ಟೈಮ್‌ಕೋಡ್ ಮಾತ್ರ ಒಮ್ಮೆ ಕಣ್ಣಾರೆ ನೋಡಿಯೇ ರೆಕಾರ್ಡ್ ಒತ್ತಿ. ಯೂನಿಟ್, ಲ್ಯಾಪ್‌ಟಾಪ್, ರೂಟರ್ ಈ ಮೂರಕ್ಕೂ ಚಿಕ್ಕ ಯುಪಿಎಸ್ ಇದ್ದರೆ ಈ ರಗಳೆಯೇ ಇಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಓಡುತ್ತಾರೆ. ಅದಕ್ಕೂ ಮುಂಚೆ ಇನ್ನೊಂದು ಚಪ್ಪಾಳೆ ರೆಕಾರ್ಡ್ ಮಾಡಿ, ಆಮೇಲೆ ಕ್ಯಾಮೆರಾ ಆಫ್ ಮಾಡಿಸಿ. ಕಾರ್ಡ್‌ಗಳನ್ನು ನಂಬರ್ ಟೇಪ್ ನೋಡಿಕೊಂಡು ಫೋಲ್ಡರ್‌ವಾರು ಕಾಪಿ ಮಾಡಿ. ಅದೇ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಪಠ್ಯ ಫೈಲ್ ಇಡಿ: ಫ್ರೇಮ್ ರೇಟ್ ಎಷ್ಟು, ಟೈಮ್ ಆಫ್ ಡೇಯೋ ಫ್ರೀ ರನ್ನೋ, ಯಾವ ಕ್ಯಾಮೆರಾಗೆ ಎಷ್ಟು ಫ್ರೇಮ್ ಅಂತರ, ಎಲ್‌ಟಿಸಿ ಯಾವ ಚಾನೆಲ್‌ನಲ್ಲಿದೆ. ಎರಡನೇ ಡಿಸ್ಕ್‌ಗೂ ಕಾಪಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.